ರಸ್ತೆ ದಾಟಿಸಿದ ಮೇಷ್ಟ್ರು

ಕೈಕಾಲಿನ ವಿದ್ಯೆ ಕಲಿಸುವವರು ನಮ್ಮ ಊರಿನಲ್ಲಿ ಹಲವರಿದ್ದಾರೆ. ಕಲಿಯಲು ಬಂದವರ ಮೈಕಟ್ಟನ್ನೂ ಮನಸ್ಸನ್ನೂ ಅಳೆದು, ‘ಇದು ನಿಮ್ಮದಲ್ಲ, ನಿಮ್ಮದು ಅಲ್ಲಿದೆ’ ಎಂದು ಬಾಗಿಲವರೆಗೆ ಬಂದು ಕಳಿಸಿಕೊಟ್ಟವರು ಒಬ್ಬರೇ. ಟೇಕ್ವಾಂಡೋ ಎಂಬ ಒದೆತದ ವಿದ್ಯೆಯಲ್ಲಿ ಆಯುಷ್ಯ ಸವೆಸಿ ಈ ತಿಂಗಳು ನಿವೃತ್ತರಾಗುತ್ತಿರುವ ಪೂಜ್ಯ ಮೇಷ್ಟ್ರ ಬಗ್ಗೆ, ಪದಕ ಗೆದ್ದ ಅವರ ಶಿಷ್ಯರು ಈ ಅಭಿನಂದನಾ ಸಂಪುಟದಲ್ಲಿ ಬರೆದೇ ಇರುತ್ತಾರೆ. ನಾನು ಅವರು ಕಳಿಸಿಬಿಟ್ಟವರ ಪರವಾಗಿ ಬರೆಯುತ್ತಿದ್ದೇನೆ. ಲೆಕ್ಕ ಹಾಕಿದರೆ ನಾವೇ ಹೆಚ್ಚು ಜನ. ನನ್ನದು ಅರ್ಧಕ್ಕೆ ಶಾಲೆ ಬಿಟ್ಟವನ ಕನ್ನಡ. ಒರಟಾಗಿ ಕಂಡಲ್ಲಿ ಸಂಪಾದಕರು ತಿದ್ದಲಿ. ಸಿಟ್ಟನ್ನು ಮಾತ್ರ ತಿದ್ದಬಾರದೆಂದು ಕೇಳಿಕೊಳ್ಳುತ್ತೇನೆ.

ಮೇಷ್ಟ್ರ ಶಾಲೆ ನಡೆಯುತ್ತಿದ್ದುದು ಹಿಂದೆ ಟೈರು ಪೇರಿಸುತ್ತಿದ್ದ ಒಂದು ಉದ್ದನೆಯ ಗೋದಾಮಿನಲ್ಲಿ. ಬಿಸಿಲು ಏರಿದ ಹಾಗೆ ಗೋಡೆಯಿಂದ ರಬ್ಬರಿನ ವಾಸನೆ ಏಳುತ್ತಿತ್ತು. ಅಲ್ಲಿನ ಪದ್ಧತಿಯೇ ಬೇರೆ. ಹೊಸಬರು ಮೊದಲ ದಿನ ಒದೆಯುವಂತಿಲ್ಲ, ಗುದ್ದುವಂತಿಲ್ಲ; ನೆಲದ ಮೇಲೆ ಕೂತು, ಕೈ ಊರದೆ ಏಳಬೇಕು, ಅಷ್ಟೇ. ಯಾವ ಮಂಡಿ ಮೊದಲು ನಡುಗುತ್ತದೆ, ಪಾದ ಹೊರಗೆ ತಿರುಗುತ್ತದೋ ಒಳಗೋ, ಏಳಲಾಗದೆ ಹೋದಾಗ ಮನುಷ್ಯ ನಗುತ್ತಾನೋ ಹುಬ್ಬು ಗಂಟಿಕ್ಕುತ್ತಾನೋ ಎಂದು ಮೇಷ್ಟ್ರು ಗೋಡೆಗೊರಗಿ ನಿಂತು ನೋಡುತ್ತಿದ್ದರು. ಆಮೇಲೆ ಮಾತಾಡುತ್ತಾ ಮಾತಾಡುತ್ತಾ ತಟ್ಟನೆ ಅವನ ಅಂಗಿಯ ಕಾಲರು ಹಿಡಿದು ಜಗ್ಗುತ್ತಿದ್ದರು. ಹಿಡಿದಾಗ ಎದುರಿಗೆ ಬಂದು ಅಂಟಿಕೊಳ್ಳುವವರು ಒಂದು ಜಾತಿ, ಹಾವು ಮುಟ್ಟಿದ ಹಾಗೆ ಹಿಂದಕ್ಕೆ ಹಾರುವವರು ಇನ್ನೊಂದು ಜಾತಿ. ಅಂಟಿಕೊಳ್ಳುವವರಿಗೆ ಜೂಡೋ, ಹಾರುವವರಿಗೆ ಒದೆತ ಎಂಬುದು ಅವರ ಮೊದಲ ಪಾಠ. ಜೂಡೋದಲ್ಲಿ ಎದುರಾಳಿಯ ಬೆವರು ನಮ್ಮ ಮುಖಕ್ಕೇ ಬಡಿಯುತ್ತದೆ. ಮುಟ್ಟಿದರೆ ಮುದುಡುವವರಿಗೆ ಅದು ದಿನನಿತ್ಯದ ಶಿಕ್ಷೆ. ಒದೆತಕ್ಕೆ ಸೊಂಟ ತೆರೆಯಬೇಕು, ಒಂಟಿ ಕಾಲಲ್ಲಿ ನಿಲ್ಲುವ ನಿಧಾನ ಬೇಕು. ಬಾಕ್ಸಿಂಗಿಗೆ ಉಸಿರು ಬೇಕು, ಅದಕ್ಕಿಂತ ಮುಖ್ಯವಾಗಿ ಮುಖಕ್ಕೆ ಏಟು ಬಿದ್ದಮೇಲೂ ಬುದ್ಧಿ ಜಾಗದಲ್ಲೇ ಇರಬೇಕು.

ದಪ್ಪ ಗಾಜಿನ ಕನ್ನಡಕದ ದರ್ಜಿಯೊಬ್ಬರು ಬಾಕ್ಸಿಂಗ್ ಸೇರುವ ಹುಮ್ಮಸ್ಸಿನಲ್ಲಿ ಮೇಷ್ಟ್ರ ಅಭಿಪ್ರಾಯ ಕೇಳಲು ಬಂದಿದ್ದರು. ಅಲ್ಲಿ ತಲೆಯೇ ಗುರಿ, ನಿಮ್ಮ ಕಣ್ಣೇ ನಿಮ್ಮ ಅನ್ನ, ಅದನ್ನು ಪಣಕ್ಕಿಡಬೇಡಿ ಎಂದು ಮೇಷ್ಟ್ರು ಅವರನ್ನು ಉದ್ಯಾನದಲ್ಲಿ ತೈ ಚಿ ಮಾಡುವ ಮುದುಕರ ಗುಂಪಿಗೆ ಕಳಿಸಿದರು. ನನ್ನನ್ನು ಈಗಲೇ ಮುದುಕ ಮಾಡಿಬಿಟ್ರಲ್ಲ ಎಂದು ಗೊಣಗುತ್ತಾ ಹೋದ ದರ್ಜಿ ಇಂದು ಆ ಗುಂಪನ್ನು ನಡೆಸುತ್ತಿದ್ದಾರೆ. ಆ ನಿಧಾನದ ವಿದ್ಯೆಯಲ್ಲಿ ತೊಡೆ ಹೇಗೆ ಉರಿಯುತ್ತದೆಂದು ಅವರನ್ನೇ ಕೇಳಿ.

ನಾನು ಅಲ್ಲಿಗೆ ಹೋದಾಗ ಅಕ್ಕಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದೆ. ಮೇಷ್ಟ್ರು ನಿಂತ ನಿಲುವಿನಲ್ಲೇ ಕಾಲೆತ್ತಿ, ಕಂಬದ ತುದಿಯಲ್ಲಿದ್ದ ಟೋಪಿಯನ್ನು ಕಂಬಕ್ಕೆ ತಾಗದ ಹಾಗೆ ಹಾರಿಸಿದ್ದನ್ನು ಬೀದಿಯಿಂದ ಕಂಡವನಿಗೆ ಆಮೇಲೆ ಬೇರೇನೂ ಬೇಕಾಗಲಿಲ್ಲ. ಮನೆಯಲ್ಲಿ ನಮ್ಮಪ್ಪ, ಹೊಟ್ಟೆಗಿಲ್ಲದಿದ್ದರೂ ಒದೆಯೋಕೆ ಕಾಲೆತ್ತುತ್ತಾನಂತೆ ಎಂದು ಹಂಗಿಸಿದರೂ ಬಿಡಲಿಲ್ಲ. ಮೊದಲ ದಿನದ ಪರೀಕ್ಷೆಯಲ್ಲೇ ಮೇಷ್ಟ್ರಿಗೆ ನನ್ನ ಸೊಂಟದ ಸಂಗತಿ ತಿಳಿದಿತ್ತು. ಆದರೂ ನನ್ನ ಹಟ ನೋಡಿ ಒಂದು ಚಳಿಗಾಲ ಇರಗೊಟ್ಟರು. ಜೊತೆಯವರ ಕಾಲು ಕಿವಿಯವರೆಗೆ ಹೋಗುತ್ತಿದ್ದರೆ ನನ್ನದು ಹೊಟ್ಟೆಯ ಮಟ್ಟದಲ್ಲೇ ಏನೋ ತಡೆದಂತೆ ನಿಂತುಬಿಡುತ್ತಿತ್ತು. ಕೊನೆಗೊಂದು ಸಂಜೆ ನನ್ನ ಬಟ್ಟೆಯ ಚೀಲವನ್ನು ತಾವೇ ಎತ್ತಿಕೊಂಡು ಹೇಳಿದರು:

“ನರ ಬಿಗಿಯಾಗಿದ್ರೆ ಎಳೀಬಹುದು ಕಣಪ್ಪ. ನಿನಗೆ ತಾಗ್ತಿರೋದು ಮೂಳೆಗೆ ಮೂಳೆ. ಸೊಂಟದ ಗೂಡೇ ಆ ತರ. ಅದನ್ನ ಎಳೆದ್ರೆ ಸವೆಯುತ್ತೆ, ತೆರೆಯಲ್ಲ. ನಿನ್ನ ಮೈ ಹುಟ್ಟಿರೋದು ಎತ್ತೋಕೆ.”

ಕಲಿಸಲು ಇಷ್ಟವಿಲ್ಲದಿದ್ದರೆ ನೇರವಾಗಿ ಹೇಳಿ, ಮೂಳೆಯ ಮೇಲೆ ಯಾಕೆ ಹಾಕುತ್ತೀರಿ ಎಂದು ನಾನು ಉರಿದುಬಿದ್ದೆ. ಅವರು ನನ್ನನ್ನು ರಸ್ತೆ ದಾಟಿಸಿ, ಎದುರಿನ ಬಡಗಿ ಅಂಗಡಿಯ ಮಹಡಿಯಲ್ಲಿ ಜೂಡೋ ಕಲಿಸುತ್ತಿದ್ದ ನರ್ಸಕ್ಕನ ಮುಂದೆ ನಿಲ್ಲಿಸಿದರು. ಹಗಲು ಆಸ್ಪತ್ರೆಯಲ್ಲಿ ನರ್ಸಾಗಿ, ಸಂಜೆ ಗಂಡಸರನ್ನು ಎತ್ತಿ ಒಗೆಯುತ್ತಿದ್ದ ಆಕೆಗೆ ಬೀದಿಯಿಟ್ಟ ಹೆಸರು ಅದು.

“ತಗೊಳ್ಳಿ, ನಿಮ್ಮ ಸಾಮಾನು. ತಪ್ಪು ವಿಳಾಸಕ್ಕೆ ಬಂದಿತ್ತು,” ಎಂದರು ಮೇಷ್ಟ್ರು.

ನರ್ಸಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೀಳಲು ಬರುತ್ತದೆಯೇ ಎಂದು ಕೇಳಿದರು. ನಾನು ಮೂಟೆ ಹೊರುತ್ತೇನೆ ಎಂದೆ. “ಮೂಟೆ ನಿನ್ನನ್ನ ತಿರುಗಿಸಿ ಎತ್ತಿ ಹಾಕಲ್ವಲ್ಲ,” ಎಂದು ನಕ್ಕವರು, ಆ ಮಾತು ಮುಗಿಯುವುದರೊಳಗೆ ಹಾಕಿಯೇಬಿಟ್ಟರು.

ಜೂಡೋ ನನ್ನ ಮೈಗೆ ಹೇಳಿ ಮಾಡಿಸಿದಂತಿತ್ತು. ಗಿಡ್ಡ ಕಾಲು, ಅಗಲ ಬೆನ್ನು, ಮೂಟೆ ಹಿಡಿದ ಬೆರಳುಗಳ ಬಿಗಿ, ಎಲ್ಲಕ್ಕೂ ಅಲ್ಲಿ ಬೆಲೆ ಬಂತು. ಗೆದ್ದೆ, ಹೆಸರಾಯಿತು, ಇಂದು ಅದೇ ಮಹಡಿಯಲ್ಲಿ ಕಲಿಸುತ್ತಿದ್ದೇನೆ. ಆದರೂ ಸಭೆಗಳಲ್ಲಿ ‘ಮೇಷ್ಟ್ರ ಶಿಷ್ಯರೆಲ್ಲ ವೇದಿಕೆಗೆ ಬನ್ನಿ’ ಎಂದು ಕರೆದಾಗ ಏಳಬೇಕೋ ಕೂರಬೇಕೋ ತಿಳಿಯದೆ ಒದ್ದಾಡಿದ್ದೇನೆ. ನನಗೆ ಅವರು ಬೇಡವಾದವನನ್ನು ದಾಟಿಸಿದರೋ, ಬೇಕಾದವನನ್ನು ಉಳಿಸಿದರೋ ಎಂಬುದು ಬಹುಕಾಲ ಮುಳ್ಳಾಗಿತ್ತು.

ತಮ್ಮ ತರಗತಿ ಮುಗಿದಮೇಲೆ ಮೇಷ್ಟ್ರು ನಮ್ಮ ಮಹಡಿ ಹತ್ತಿಬಂದು ಬಾಗಿಲ ಚೌಕಟ್ಟಿಗೊರಗಿ ನೋಡುವುದಿತ್ತು. ಕುಳಿತುಕೊಳ್ಳಿ ಎಂದರೆ, ಇಲ್ಲಪ್ಪ ಹೊರಟೆ ಎನ್ನುತ್ತಿದ್ದರು, ಹೊರಡುತ್ತಿರಲಿಲ್ಲ. ಅದನ್ನು ನಾವು ದೊಡ್ಡವರ ಸಂಕೋಚವೆಂದುಕೊಂಡಿದ್ದೆವು. ನರ್ಸಕ್ಕ ಮಾತ್ರ ಒಮ್ಮೆ ಚಾಪೆ ಒರೆಸುತ್ತಾ, “ನಿಮ್ಮ ಮೇಷ್ಟ್ರು ನೆಲದ ಮೇಲೆ ಕೂತಿದ್ದನ್ನ ಯಾವತ್ತಾದ್ರೂ ನೋಡಿದ್ದೀಯೇನೋ?” ಎಂದು ಕೇಳಿದರು. ನಾನು ನೋಡಿರಲಿಲ್ಲ. ಬಂದವರನ್ನೆಲ್ಲ ನೆಲಕ್ಕೆ ಕೂರಿಸಿ ಎಬ್ಬಿಸಿದ ಮನುಷ್ಯ ತಾವು ಕೂತದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಕಣ್ಣೆದುರಿಗಿದ್ದದ್ದು ಕಾಣಲಿಲ್ಲವಲ್ಲ ಎಂಬ ಕೊರಗು ಇಂದಿಗೂ ಇದೆ.

ಕಳೆದ ವರ್ಷ ನಮ್ಮ ಮೆಟ್ಟಿಲ ಮೇಲೆ ಅವರ ಕಾಲು ಸಿಕ್ಕಿಕೊಂಡಂತಾಗಿ ಇಳಿಯಲಾಗಲಿಲ್ಲ. ಬೆನ್ನ ಮೇಲೆ ಹೊತ್ತು ಇಳಿಸಿದೆ. ಅಷ್ಟು ನೋವಿನಲ್ಲೂ ನನ್ನ ಕಿವಿಯ ಹತ್ತಿರ, ನಿನ್ನ ಮೈ ಎತ್ತೋಕೇ ಹುಟ್ಟಿದ್ದು ಅಂದಿರಲಿಲ್ಲವೇ ಎಂದು ತಮಾಷೆ ಮಾಡಿದರು. ಆಸ್ಪತ್ರೆಯಲ್ಲಿ ವೈದ್ಯರು, ಎರಡೂ ಕಡೆ ಸೊಂಟದ ಕೀಲು ಸವೆದುಹೋಗಿದೆ, ಹುಟ್ಟಿನಿಂದಲೇ ಈ ಗೂಡಿನ ಆಕಾರ ಒದೆಯುವುದಕ್ಕೆ ತಕ್ಕದ್ದಲ್ಲ, ಇಷ್ಟು ವರ್ಷ ಹೇಗೆ ತಡೆದಿರೋ ಎಂದರು. ವೈದ್ಯರು ಹೋದಮೇಲೆ ಮೇಷ್ಟ್ರು ಗೋಡೆ ನೋಡುತ್ತಾ ಹೇಳಿದರು: “ನಿನ್ನಂಥದ್ದೇ ಗೂಡು.”

ಅವರ ಗುರುಗಳು ನೋವೆಂದರೆ ಸೋಮಾರಿತನದ ಇನ್ನೊಂದು ಹೆಸರು ಎನ್ನುತ್ತಿದ್ದರಂತೆ. ಹುಡುಗನಾಗಿದ್ದಾಗ ತೊಡೆ ತೆರೆಯಲೆಂದು ಇಬ್ಬರು ಹಿರಿಯರನ್ನು ಇವರ ಮಂಡಿಗಳ ಮೇಲೆ ನಿಲ್ಲಿಸುತ್ತಿದ್ದರಂತೆ. ಅಲ್ಲಿ ಕೂರಿಸಿ ಎಬ್ಬಿಸಿ ನೋಡುವವರು ಯಾರೂ ಇರಲಿಲ್ಲ. ಆ ಗುರುಗಳು ಈಗಿಲ್ಲ. ಇದ್ದಿದ್ದರೆ ನಾನು ಈ ಲೇಖನದ ಬದಲು ಅವರ ಮನೆ ಬಾಗಿಲು ತಟ್ಟುತ್ತಿದ್ದೆ.

ಗೊತ್ತಾದಮೇಲಾದರೂ ನೀವೇಕೆ ರಸ್ತೆ ದಾಟಲಿಲ್ಲ ಎಂದು ಕೇಳಿದೆ. ರಸ್ತೆಯೇನು ಅಷ್ಟು ಅಗಲವಿರಲಿಲ್ಲ.

“ಇಷ್ಟ ಇತ್ತಲ್ಲಪ್ಪ. ಕಾಲು ಗಾಳೀಲಿ ಇದ್ದಾಗ ಇರೋ ಸುಖ ನನಗೆ ಬೇರೆಲ್ಲೂ ಸಿಗಲಿಲ್ಲ.”

“ನನಗೂ ಇಷ್ಟ ಇತ್ತು, ಮೇಷ್ಟ್ರೇ.”

ಅವರು ಹೊದಿಕೆಯ ಅಂಚನ್ನು ಮಡಿಸಿ ಬಿಡಿಸಿ ಮಾಡಿದರು.

“ಗೊತ್ತಿತ್ತು ಕಣೋ. ಅದಕ್ಕೇ ಬೇಗ ಕಳಿಸ್ದೆ.”

ನನ್ನ ಮುಳ್ಳು ಅಂದು ಕಿತ್ತುಬಂತು; ಅದು ಇದ್ದ ಜಾಗ ಮಾತ್ರ ಹಾಗೆಯೇ ಇದೆ. ಆ ವಿದ್ಯೆ ಅವರ ಮೈಯದಾಗಿರಲಿಲ್ಲ, ಅವರ ಪ್ರಾಣದ್ದಾಗಿತ್ತು. ತಮಗೆ ಯಾರೂ ಹೇಳದ ಮಾತನ್ನು ಊರಿಗೆಲ್ಲ ಹೇಳಿದರು, ತಾವು ಮಾತ್ರ ಕೇಳಲಿಲ್ಲ. ಇಂಥವರನ್ನು, ಬಂದವರನ್ನೆಲ್ಲ ಓಡಿಸುತ್ತಾರೆ, ಶಾಲೆ ಬೆಳೆಯಲಿಲ್ಲ ಎಂದು ಬೆನ್ನ ಹಿಂದೆ ಆಡಿಕೊಂಡ ಶಾಲೆಯ ಆಡಳಿತ ಸಮಿತಿಯೇ ಇಂದು ಈ ಸಂಪುಟ ಅಚ್ಚು ಹಾಕಿಸುತ್ತಿದೆ. ಮೇಷ್ಟ್ರು ಆಸ್ಪತ್ರೆ ಸೇರಿದಂದಿನಿಂದ ಗೋದಾಮಿನಲ್ಲಿ ಪರೀಕ್ಷೆಯಿಲ್ಲ; ಬಂದವರೆಲ್ಲ ಮೊದಲ ದಿನವೇ ಕಾಲೆತ್ತುತ್ತಾರೆ. ನಮ್ಮ ಮಹಡಿಯ ಕಿಟಕಿಯಿಂದ ಕಾಣುತ್ತದೆ, ಯಾರ ಕಾಲು ಎಲ್ಲಿ ತಡೆಯುತ್ತಿದೆ ಎಂಬುದು. ಕಂಡಾಗಲೆಲ್ಲ ಸಿಟ್ಟು ಬರುತ್ತದೆ.

ನನ್ನ ಕಡೆಯ ಸೋಲನ್ನೂ ಹೇಳಬೇಕು. ಈಚೆಗೆ ಬಸ್ ಕಂಡಕ್ಟರ್ ಕೆಲಸದ ಹೆಣ್ಣುಮಗಳೊಬ್ಬಳು ಜೂಡೋ ಕಲಿಯಲು ಬಂದಿದ್ದಾಳೆ. ಉದ್ದನೆಯ ಕಾಲು, ಸಲೀಸಾಗಿ ತಿರುಗುವ ಸೊಂಟ. ದಿನವಿಡೀ ನೂಕುನುಗ್ಗಲಲ್ಲಿ ನಿಂತು ಬಂದವಳು, ಕಾಲರು ಹಿಡಿದರೆ ಸಾಕು, ಮೈಯೆಲ್ಲ ಬಿಗಿಯಾಗುತ್ತದೆ. ಅವಳದು ರಸ್ತೆಯಾಚೆಯ ಒದೆತದ ವಿದ್ಯೆ ಎಂದು ನನಗೆ ಗೊತ್ತು. ಬಾಯಿ ಬರುತ್ತಿಲ್ಲ. ಬೇಡವೆಂದರು ಎಂದುಕೊಂಡು ಎಷ್ಟು ವರ್ಷ ಒದ್ದಾಡುತ್ತಾಳೋ ಎಂಬ ಭಯ. ಮನಸ್ಸು ನೋಯದ ಹಾಗೆ ಚೀಲ ಎತ್ತಿಕೊಂಡು ಜೊತೆಗೆ ನಡೆಯುವುದು ಎಂಥ ವಿದ್ಯೆಯೆಂದು ಈಗ ತಿಳಿಯುತ್ತಿದೆ. ಅದನ್ನು ನಾನು ಅವರಿಂದ ಕಲಿತಿಲ್ಲ.

ಆದ್ದರಿಂದ ಮೇಷ್ಟ್ರಲ್ಲಿ ನನ್ನದೊಂದು ಬಿನ್ನಹ. ಸೊಂಟದ ಕೀಲಿಗೆ ಆದ ಶಸ್ತ್ರಚಿಕಿತ್ಸೆಯ ನಂತರ ತಗ್ಗಿನಲ್ಲಿ ಕೂರಬಾರದೆಂದು ನರ್ಸಕ್ಕ ಹೇಳಿದ್ದರಿಂದ, ಕೆಳಗಿನ ಬಡಗಿಯಣ್ಣ ಎತ್ತರದ ಕಾಲಿನ ಕುರ್ಚಿಯೊಂದನ್ನು ಮಾಡಿ ನಮ್ಮ ಕಿಟಕಿಯ ಪಕ್ಕ ಇಟ್ಟಿದ್ದಾನೆ. ಹೊರುವ ಬೆನ್ನು ಹೇಗೂ ಇದೆ, ಮೆಟ್ಟಿಲ ಚಿಂತೆ ಬೇಡ. ಇಂಥ ಸಂಪುಟಗಳಲ್ಲಿ ಹಿರಿಯರು ನೂರು ವರ್ಷ ಬಾಳಲೆಂದು ಹಾರೈಸುತ್ತಾರೆ. ನನ್ನ ಹಾರೈಕೆ ಅದಕ್ಕಿಂತ ಸಣ್ಣದು, ಅದಕ್ಕಿಂತ ಹಟದ್ದು. ನಿಂತೇ ಕಳೆದ ಆಯುಷ್ಯ ಸಾಕು. ಉಳಿದುದನ್ನು ನಮ್ಮ ಮೇಷ್ಟ್ರು ಕೂತು ಬಾಳಲಿ; ಆ ಹೆಣ್ಣುಮಗಳನ್ನು ಮೊದಲುಗೊಂಡು ಬಂದವರನ್ನೆಲ್ಲ, ಕೂತಲ್ಲಿಂದಲೇ, ನೆಲದಿಂದ ಎಬ್ಬಿಸಿ ನೋಡುತ್ತಿರಲಿ.