ಮುಚ್ಚಳಕ್ಕೆ ಹಚ್ಚಿದ ಗೋಂದು

ಇದನ್ನು ಬರೆಯಲು ಕುಳಿತು ಈಗಾಗಲೇ ನಾಲ್ಕು ಸಲ ಎದ್ದಿದ್ದೇನೆ. ಒಮ್ಮೆ ಚಹಾಕ್ಕೆ, ಒಮ್ಮೆ ಹೀಟರ್ ನೋಡಲು, ಇನ್ನೆರಡು ಸಲ ಸುಮ್ಮನೆ. ಏಳು ವರ್ಷಗಳಿಂದ ಹೀಗೇ ತಪ್ಪಿಸಿಕೊಂಡು ಬಂದಿದ್ದೇನೆ.

ಆಗ ನಾನು ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ, ಮಂಗಳೂರಿನ ಲೋಬೊ ಎಂಬವರ ಕ್ಯಾಬಿನೆಟ್ ಶಾಪ್‌ನಲ್ಲಿ ಫೋರ್‌ಮನ್. ಎಸ್ಸೆಸ್ಸೆಲ್ಸಿ ಓದಿದ ಬಡಗಿಗೆ ಅದು ದೊಡ್ಡ ಹುದ್ದೆಯೇ. ನನ್ನ ಕೈಕೆಳಗೆ ನಮ್ಮೂರ ಕಡೆಯವನೇ ಒಬ್ಬನಿದ್ದ. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಅವನನ್ನು ಕೆಲಸಕ್ಕೆ ಸೇರಿಸಿದ್ದು ನಾನು. ಅವನ ಗ್ರೀನ್ ಕಾರ್ಡ್ ಅರ್ಜಿ ಲೋಬೊ ಅವರ ಕಂಪನಿಯ ಹೆಸರಿನಲ್ಲಿತ್ತು. ಕೆಲಸ ಹೋದರೆ ಅವನು ಊರಿಗೆ ಹೊರಡಬೇಕು.

ಆ ಆಗಸ್ಟ್‌ನಲ್ಲಿ ಹೋಬೋಕನ್‌ನಿಂದ ನಿವೃತ್ತ ಜಪಾನಿ ಎಂಜಿನಿಯರ್ ಒಬ್ಬರು ಬಂದರು. ಅವರ ತಂದೆ ಬಡಗಿಯಂತೆ. ತಂದೆಯ ಉಳಿಗಳನ್ನು ಇಡಲು ಅವರ ಕಡೆಯ ಪದ್ಧತಿಯ ಪೆಟ್ಟಿಗೆ ಬೇಕಿತ್ತು. ಮೂವತ್ತು ಇಂಚು ಉದ್ದ, ಮುಕ್ಕಾಲು ಇಂಚಿನ ಸೀಡರ್ ಹಲಗೆ. ಮುಚ್ಚಳ ಎರಡು ಕಡೆಯ ಪಟ್ಟಿಗಳ ಕೆಳಗೆ ಜಾರಿ ಕೂರಬೇಕು, ಬೆಣೆ ಹೊಡೆದರೆ ಬಿಗಿಯಾಗಬೇಕು. ಅವರ ಷರತ್ತು ಎರಡೇ: ಮೆಷಿನ್ ಮುಟ್ಟಬಾರದು, ಗೋಂದು ಹಾಕಬಾರದು.

ಮರ ಹೆರೆಯುವ ಜಪಾನಿ ಕೀಸುಳಿಯನ್ನು ಮುಂದಕ್ಕೆ ತಳ್ಳುವುದಲ್ಲ, ತನ್ನ ಕಡೆಗೆ ಎಳೆಯುವುದು. ನನ್ನ ಕೈಗೆ ಅದು ಹಿಡಿಯಲೇ ಇಲ್ಲ. ನಮ್ಮೂರ ಕಡೆಯ ಆ ಹುಡುಗ ನೆಲದಲ್ಲಿ ಕುಳಿತು, ಹಲಗೆಯನ್ನು ಪಾದದಲ್ಲಿ ಒತ್ತಿ ಹಿಡಿದು ಎಳೆದ. ಈರುಳ್ಳಿ ಸಿಪ್ಪೆಯಂಥ ಮರದ ಹೊಪ್ಪಳೆ ಬಂತು. ಎಂಜಿನಿಯರ್ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ನನ್ನತ್ತ ನೋಡಲಿಲ್ಲ.

“ಇನ್ನು ಫೋರ್‌ಮನ್ನಿಗೆ ರಜೆ ಕೊಡುವಾ?” ಎಂದು ಲೋಬೊ ನಕ್ಕರು.

ಮುಚ್ಚಳದ ಹಲಗೆಯ ಮೇಲೆ ಅಡ್ಡಕ್ಕೆ ಕೂರುವ ಪಟ್ಟಿಗಳಿಗೆ ಅವನು ಮೊಳೆ ಮಾತ್ರ ಹೊಡೆದ.

“ಇಷ್ಟೇ ಸಾಕಾ ಮಾರಾಯ? ಕಳಚಿ ಬಂದರೆ?” ಎಂದೆ.

“ಬರೂದಿಲ್ಲ ಅಣ್ಣ. ಚಳಿಗೆ ಮರ ಒಣಗ್ತದೆ, ಸಣ್ಣ ಆಗ್ತದೆ. ಮೊಳೆಯಾದ್ರೆ ಸ್ವಲ್ಪ ಬಗ್ಗಿ ಕೊಡ್ತದೆ. ಗೋಂದು ಹಾಕಿದ್ರೆ ಸಣ್ಣ ಆಗ್ಲಿಕ್ಕೆ ಬಿಡೂದಿಲ್ಲ, ಸೀಳ್ತದೆ.”

ನನಗೆ ಸಮಾಧಾನವಾಗಲಿಲ್ಲ. ಅವನು ಊಟಕ್ಕೆ ಹೋದಾಗ ಪಟ್ಟಿಗಳನ್ನು ಎಬ್ಬಿಸಿ, ಅಡಿಗೆ ಗೋಂದು ಹಚ್ಚಿ, ಅದೇ ಮೊಳೆಗಳನ್ನು ಮತ್ತೆ ಹೊಡೆದೆ. ಪೆಟ್ಟಿಗೆ ಗಟ್ಟಿಯಾಗಲಿ ಎಂದು ಮಾಡಿದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಅದರಲ್ಲಿ ನನ್ನ ಕೈಯೂ ಇರಬೇಕೆಂಬ ಹಟ.

ಜನವರಿಯಲ್ಲಿ ಪೆಟ್ಟಿಗೆ ವಾಪಸ್ ಬಂತು. ಹೀಟರ್ ಹಾಕಿದ ಮನೆಯಲ್ಲಿ ಮುಚ್ಚಳ ನಡುವೆ ಉದ್ದಕ್ಕೆ ಸೀಳಿತ್ತು. ಲೋಬೊ ಪಟ್ಟಿ ಕಿತ್ತು ನೋಡಿದರು.

“ಗೋಂದು ಯಾರು ಹಾಕಿದ್ದು?”

ಅವನು ನನ್ನನ್ನು ನೋಡಿದ. ಎಂಜಿನಿಯರ್ ಬಾಗಿಲ ಬಳಿ ಕೋಟು ಬಿಚ್ಚದೆ ನಿಂತಿದ್ದರು.

“ಮುಚ್ಚಳ ಅವನೇ ಮಾಡಿದ್ದು,” ಎಂದೆ.

ಕೆಲಸ ಕೊಡಿಸಿದ ಹಿರಿಯನನ್ನು ನಾಲ್ಕು ಜನರೆದುರು ಸುಳ್ಳ ಎನ್ನಲು ಅವನ ಬಾಯಿ ಬರಲಿಲ್ಲ. ಆ ವಾರವೇ ಅವನನ್ನು ತೆಗೆದರು. ಪಾರ್ಕಿಂಗ್ ಲಾಟ್‌ನಲ್ಲಿ ಉಳಿಗಳನ್ನು ಟವೆಲಿನಲ್ಲಿ ಸುತ್ತುತ್ತಾ, “ಹಾಕಬಾರ್ದಿತ್ತು ಅಣ್ಣ,” ಎಂದ. ಅಷ್ಟೇ. ಮಾರ್ಚ್‌ನಲ್ಲಿ ಊರಿಗೆ ಹೋದನೆಂದು ಕೇಳಿದೆ. ಅವನ ಫೋನ್ ನಂಬರ್ ಇವತ್ತಿಗೂ ನನ್ನಲ್ಲಿದೆ.

ಮರ ಒಣಗುವಾಗ ಅದಕ್ಕೆ ಜಾಗ ಬಿಡಬೇಕು. ನಲವತ್ತು ವರ್ಷದ ಕಸುಬಿನಲ್ಲಿ ನಾನು ಕಲಿತ ಕೊನೆಯ ಪಾಠ ಅದು. ಕಲಿಸಿದವನ ಹೆಸರನ್ನು ಇಷ್ಟು ಹೊತ್ತೂ ಬರೆಯದೆ ಬಂದೆ. ಹಿರಿಯಡ್ಕದ ಸದಾಶಿವ ಆಚಾರ್ಯ.