ವಿಮಾನದಲ್ಲಿ ಕಾಕಾನ ಪಾಳಿ

ವಿಮಾನ ನಿಲ್ಲಿಸುವುದು ನನ್ನಂಥ ಹುಡುಗಿಯಿಂದ ಆಗುವ ಮಾತೇ ಅಲ್ಲ ಎಂದವನು ನಮ್ಮ ಕಾಕಾ, ಅಪ್ಪನ ತಮ್ಮ. ಮನೆಯೊಳಗೆ ಹೇಳಿದ್ದರೆ ಬಿಡಬಹುದಿತ್ತು. ಹೊನವಾಡದ ಬಸ್ ನಿಲ್ದಾಣದಲ್ಲಿ ಹತ್ತು ಮಂದಿಯ ಮುಂದೆ ಹೇಳಿದ.

"ಈಕಿ ಕೈ ಮಾಡಿದ್ರ ವಿಜಾಪುರದ ಬಸ್ಸ ನಿಂದ್ರೂದಿಲ್ಲ, ಇನ್ನ ವಿಮಾನ ನಿಂದರಸ್ತಾಳಂತ."

ಬಸ್ಸಿನ ಮಾತು ಸುಳ್ಳಲ್ಲ. ತುಂಬಿದ ಬಸ್ಸುಗಳು ನನ್ನನ್ನು ಕಂಡೂ ಕಾಣದಂತೆ ತಿಕೋಟಾದ ಕಡೆ ಹೋಗಿಬಿಡುತ್ತಿದ್ದವು. ನಿಂತ ಬಸ್ಸಿನ ಬಾಗಿಲಿಗೆ ಜೋತುಬಿದ್ದೇ ಡಿಗ್ರಿ ಮುಗಿಸಿದೆ, ನಮ್ಮ ಮನೆತನದಲ್ಲಿ ಮೊದಲಿಗೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆಮೇಲೆ ದಿಲ್ಲಿಯಲ್ಲಿ ತರಬೇತಿಗೆ ಸೇರಿದೆ: ಯಾವ ವಿಮಾನ ಎಷ್ಟು ಹೊತ್ತಿಗೆ ನೆಲ ಬಿಡಬೇಕೆಂದು ಸ್ಲಾಟ್ ಕೊಡುವ ಕೆಲಸ.

ಇದನ್ನು ಕಾಕಾನಿಗೆ ತಿಳಿಸಲು ಅವನ ಮಣೂಕ ಶೆಡ್ಡೇ ಸಾಕಾಯಿತು. ಬಬಲೇಶ್ವರದ ಕಡೆಯವರೂ ದ್ರಾಕ್ಷಿ ಒಣಗಿಸಿ ಮಣೂಕ ಮಾಡಿಸಲು ಅಲ್ಲಿಗೇ ತರುತ್ತಾರೆ. ಶೆಡ್ಡಿನಲ್ಲಿ ಜಾಗ ತೆರವಾಗುವುದನ್ನು ನೋಡಿ, ಯಾರು ಯಾವತ್ತು ಗೊನೆ ಕೊಯ್ಯಬೇಕೆಂದು ಹೇಳುವವನು ಅವನೇ. ಬಳ್ಳಿಯಲ್ಲಿರುವ ಹಣ್ಣು ಕಾಯುತ್ತದೆ, ಕೊಯ್ದದ್ದು ಕಾಯುವುದಿಲ್ಲ. ವಿಮಾನದ್ದೂ ಅದೇ ಕಥೆ. ಇಳಿಯುವ ಊರಲ್ಲಿ ಮಂಜು ಕವಿದರೆ, ಮೇಲೆ ಸುತ್ತುತ್ತ ಎಣ್ಣೆ ಸುಡುವುದಕ್ಕಿಂತ ಹೊರಡುವ ಊರಲ್ಲೇ ನಿಲ್ಲುವುದು ಲೇಸು. ಬೀಗರೇ ಬಂದು ನಮ್ಮದು ಮೊದಲು ಎಂದರೂ ಕಾಕಾ ಜಗ್ಗುತ್ತಿರಲಿಲ್ಲ. ಪಾಳಿ ಅಂದರೆ ಪಾಳಿ.

ಕೊನೆಯ ಪರೀಕ್ಷೆ ಒಂದು ಬೆಳಿಗ್ಗೆ ಇತ್ತು. ಪಾಸಾದರೆ ಸಂಜೆಯೇ ಸರ್ಟಿಫಿಕೇಟು, ಇಲ್ಲವಾದರೆ ಮತ್ತೆ ಹೊನವಾಡದ ಬಸ್ ನಿಲ್ದಾಣ. ಕಣ್ಣಾರೆ ನೋಡಿಯೇ ನಂಬುತ್ತೇನೆಂದು ಕಾಕಾ ಹೈದರಾಬಾದಿಗೆ ಹೋಗಿ, ಹುಟ್ಟಿದಾಗಿನಿಂದ ಮೊದಲ ಸಲ ವಿಮಾನ ಹತ್ತಿದ, ದಿಲ್ಲಿಗೆ ಬರಲು. ಅಂದೇ ದಿಲ್ಲಿಯಲ್ಲಿ ಮಂಜು ಕವಿಯಿತು.

ಪರೀಕ್ಷಕರು ನನ್ನ ಬೆನ್ನ ಹಿಂದೆ ಕುಳಿತಿದ್ದರು. ಯಾವುದು ಮೊದಲು ಇಳಿಯಬೇಕಿತ್ತೋ ಅದೇ ಕ್ರಮದಲ್ಲಿ ಒಂದೊಂದು ವಿಮಾನ ಹೊರಡುವ ಹೊತ್ತನ್ನೂ ಮುಂದಕ್ಕೆ ತಳ್ಳುತ್ತ ಬಂದೆ. ಕಾಕಾನ ವಿಮಾನದ ನಂಬರು ಬಂದಾಗ ಬೆರಳು ಸ್ವಲ್ಪ ತಡೆಯಿತು. ಅದನ್ನೂ ತಳ್ಳಿದೆ.

ಚಹಾಕ್ಕೆ ಹೊರಗೆ ಬಂದರೆ ಅವನದೇ ಫೋನು. ವಿಮಾನ ಇನ್ನೂ ಹೈದರಾಬಾದಿನಲ್ಲೇ ಇದೆಯಂತೆ, ಕುಳಿತು ಕುಳಿತು ಕಾಲು ಜೋಮು ಹಿಡಿದಿದೆಯಂತೆ. ಇದನ್ನೆಲ್ಲ ನಡೆಸುವವಳು ನಮ್ಮ ಹುಡುಗಿ ಎಂದು ಆಜುಬಾಜಿನವರಿಗೆಲ್ಲ ಮೊದಲೇ ಹೇಳಿಬಿಟ್ಟಿದ್ದನಂತೆ. ಈಗ ಎಲ್ಲರೂ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಾರಂತೆ.

"ನಮ್ಮದೊಂದ ಈಟ ಮುಂದ ಬಿಡವಾ," ಎಂದ ಮೆಲ್ಲಗೆ.

"ಪಾಳಿ ಅಂದ್ರ ಪಾಳಿ, ಕಾಕಾ."

ಮಧ್ಯಾಹ್ನ ಮಂಜು ಸರಿದ ಮೇಲೆ ಅವನ ವಿಮಾನವೂ ತನ್ನ ಪಾಳಿಗೆ ನೆಲ ಬಿಟ್ಟಿತು.

ನಾನು ಪಾಸಾದೆ. ಸಂಜೆ ನನ್ನ ಹೆಸರು ಕರೆಯುವ ಹೊತ್ತಿಗೆ ಸರಿಯಾಗಿ ಕಾಕಾ ಮಣೂಕದ ಡಬ್ಬಿ ಬಗಲಲ್ಲಿಟ್ಟುಕೊಂಡು ಒಳಗೆ ಬಂದ. ನಮ್ಮ ಮೇಲಧಿಕಾರಿ ಅವನನ್ನೇ ವೇದಿಕೆಗೆ ಕರೆದು ಅವನ ಕೈಯಿಂದ ಸರ್ಟಿಫಿಕೇಟು ಕೊಡಿಸಿದರು. ಕಾಕಾ ಕೊಟ್ಟ, ಆದರೆ ಒಂದು ತುದಿ ಬಿಡಲಿಲ್ಲ.

"ನಿಂದರಸಾಕ ಆಗೂದಿಲ್ಲ ಅಂದಿದ್ದೆ, ನಿಂದರಿಸಿದಿ. ಖರೆ, ನಾ ಕುಂತ ವಿಮಾನಾನ ನಿಂದರಸಬೇಕಿತ್ತೇನವಾ?"