ಮುಧೋಳ ನಾಯಿಯ ಮೈ

ನವನಗರದ ನಮ್ಮ ಮನೆಗೆ ಮುಧೋಳ ನಾಯಿಯ ಮರಿ ತಂದವರು ನನ್ನ ಗಂಡ, ಅದನ್ನು ಸಾಕಿದವರು ಅತ್ತೆ. ಮರಿ ಬೆಳೆದು ಊಟದ ಟೇಬಲ್ಲಿನ ಎತ್ತರವಾಯಿತು. ಉದ್ದ ಕಾಲು, ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ. ಬಿಸಿಲಲ್ಲಿ ನಿಂತರೆ ಪಕ್ಕೆಲುಬು ಕಾಣುತ್ತಿತ್ತು. ನಾಯಿಗೆ ಹೊಟ್ಟೆಗೆ ಹಾಕುವುದಿಲ್ಲವೇ ಎಂದು ಓಣಿಯವರು ಕೇಳಿದಾಗೆಲ್ಲ ಅತ್ತೆಯ ಮುಖ ಸಣ್ಣದಾಗುತ್ತಿತ್ತು.

ಆ ವರ್ಷವೇ ಅತ್ತೆಗೆ ಗಂಟಲಲ್ಲಿ ಅನ್ನ ಇಳಿಯದಾಯಿತು. ಅನ್ನನಾಳದಲ್ಲಿ ಗಡ್ಡೆ ಇದೆ, ಆಪರೇಷನ್ ಮಾಡುವ ಹಂತ ದಾಟಿದೆ ಎಂದರು ದವಾಖಾನೆಯಲ್ಲಿ. ನಾನು ರೊಟ್ಟಿಯನ್ನು ಹಾಲಲ್ಲಿ ನೆನೆಸಿ, ಗಂಜಿಗೆ ತುಪ್ಪ ಬಿಟ್ಟು ಕೊಡುತ್ತಿದ್ದೆ. ತಾಟು ಖಾಲಿಯಾಗಿ ಬರುತ್ತಿತ್ತು, ಮೈ ಮಾತ್ರ ಇಳಿಯುತ್ತಲೇ ಇತ್ತು. ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ನೋಡಿದೆ. ಎರಡು ತುತ್ತು ಬಾಯಿಗಿಟ್ಟುಕೊಂಡು, ಉಳಿದದ್ದನ್ನು ಅವರು ನಾಯಿಯ ಮುಂದೆ ಸರಿಸುತ್ತಿದ್ದರು.

ನಾಯಿ ದಪ್ಪಗಾಗಿ, ಅದರ ಸೊಂಟವೇ ಕಾಣದಂತಾಗಿತ್ತು. ಹಿಂಗಾಲು ಕುಂಟತೊಡಗಿದಾಗ ಪಶುವೈದ್ಯರಲ್ಲಿಗೆ ಒಯ್ದೆವು. ಅವರು ನನ್ನ ಕೈಯನ್ನೇ ಅದರ ಪಕ್ಕೆಯ ಮೇಲೆ ಇಡಿಸಿದರು. ಒತ್ತದೆಯೇ ಎಲುಬು ಕೈಗೆ ಸಿಗಬೇಕು, ಕೊನೆಯ ಎರಡು ಮೂರು ಎಲುಬು ಕಣ್ಣಿಗೂ ಕಾಣಬೇಕು, ಆದರೆ ಬೆನ್ನು ಮತ್ತು ತೊಡೆಯ ಮೇಲೆ ಗಟ್ಟಿ ಮಾಂಸ ಇರಬೇಕು, ಈ ಜಾತಿಗೆ ಅದೇ ಆರೋಗ್ಯ ಎಂದರು. ನನ್ನ ಕೈಗೆ ಮೆತ್ತಗಿನ ಕೊಬ್ಬಷ್ಟೇ ಸಿಕ್ಕಿತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ನಾಯಿಯ ತಲೆ ಸವರಿದರು.

“ನನಗ ಉಣ್ಣಾಕ ಆಗೂದಿಲ್ಲವಾ,” ಎಂದರು. “ಅದು ಉಣ್ಣೂದು ನೋಡಿದ್ರ ನನ್ನ ಹೊಟ್ಟಿ ತುಂಬಿದಂಗ ಆಕ್ಕೈತಿ. ಅದೊಂದು ಬಿಡು ನನಗ.”

ಗಂಡ ನಾಯಿಯನ್ನು ಊಟದ ಹೊತ್ತಿಗೆ ಹೊರಗೆ ಕಟ್ಟಿ ನೋಡಿದರು. ಅತ್ತೆ ಆ ಎರಡು ತುತ್ತನ್ನೂ ಬಿಟ್ಟರು. ಕೊನೆಗೆ ಗಂಡನೇ ಹೋಗಿ ಹಗ್ಗ ಬಿಚ್ಚಿದರು. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಅತ್ತೆಗೆ ಮೈ ಒರೆಸುವಾಗ ಬೆನ್ನಿನ ಎಲುಬುಗಳು ನನ್ನ ಬೆರಳಿಗೆ ಹತ್ತುತ್ತಿದ್ದವು.

ಬೇಸಿಗೆ ಮುಗಿಯುವ ಮೊದಲೇ ಅವರು ಹೋದರು.

ನಾಯಿ ಅನ್ನ ಬಿಟ್ಟಿತು. ತುಂಬಿದ್ದ ಮೈ ಕರಗುತ್ತ ಬಂತು. ನಡುವೆ ಕೆಲವು ದಿನ ಅದು ವೈದ್ಯರು ಹೇಳಿದಂತೆಯೇ ಇತ್ತು. ಪಕ್ಕೆಲುಬು ಕೈಗೆ ಸಿಗುತ್ತಿದ್ದವು, ಸೊಂಟ ತಿದ್ದಿದಂತಿತ್ತು. ಎದುರು ಮನೆಯವರು ಗೇಟಿನ ಹತ್ತಿರ ನಿಂತು, “ಈಗ ನೋಡ್ರಿ, ಖರೆ ಮುಧೋಳ ನಾಯಿ ಕಂಡಂಗ ಕಾಣ್ತೈತಿ,” ಎಂದು ಮೆಚ್ಚಿದರು. ನಾನು ಹೂಂ ಎಂದೆ.

ಇಳಿಯುವುದು ಅಲ್ಲಿಗೆ ನಿಲ್ಲಲಿಲ್ಲ. ಬೆನ್ನುಮೂಳೆ ಎದ್ದಿತು, ತೊಡೆ ಬತ್ತಿತು. ರಕ್ತ ಪರೀಕ್ಷೆ ಮಾಡಿದ ವೈದ್ಯರು ಕಿಡ್ನಿ ಕೆಟ್ಟಿವೆ, ಅನ್ನ ಸೇರದಿರುವುದು ಅದಕ್ಕೇ, ದುಃಖಕ್ಕಲ್ಲ ಎಂದರು. ಸಲೈನ್ ಹಚ್ಚಿದರೂ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಹಚ್ಚಿಸಿದೆವು.

ಈಗ ದಿನಾ ಬೆಳಿಗ್ಗೆ ಅದರ ಪಕ್ಕೆಯ ಮೇಲೆ ಕೈ ಆಡಿಸುತ್ತೇನೆ. ಹಾಲು ಇಟ್ಟರೆ ಮೂಸಿ ಮುಖ ತಿರುಗಿಸುತ್ತದೆ. ಇವತ್ತು ಏನಾದರೂ ತಿಂದಿತೇ ಎಂದು ಗಂಡ ಸಂಜೆ ಬಂದು ಕೇಳುವುದನ್ನು ಬಿಟ್ಟಿದ್ದಾರೆ.